ಗೂಢಲಿಪಿ ಮತ್ತು ದಂಡಸಂಹಿತೆ: ಆಲನ್ ಟ್ಯೂರಿಂಗ್‌ನ ಬದುಕು

ಇಂಗ್ಲಿಷಿನ ‘ಕೋಡ್’ ಎಂಬ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಲದು. ಶತ್ರುವಿಗೆ ತಿಳಿಯದಂತೆ ಸಂದೇಶವನ್ನು ಮರೆಮಾಚುವ ಬರಹವು ಗೂಢಲಿಪಿ ಎನಿಸಿಕೊಂಡರೆ, ಪ್ರಜೆಗಳ ನಡತೆಗೆ ಕಟ್ಟುಪಾಡು ವಿಧಿಸುವ ಶಾಸನಗಳ ಕೂಟವು ಸಂಹಿತೆ ಎನಿಸಿಕೊಳ್ಳುತ್ತದೆ. ಆಂಡ್ರ್ಯೂ ಹಾಜಸ್‌ನ 1983ರ ಜೀವನಚರಿತ್ರೆಯನ್ನು ಆಧರಿಸಿ ಹ್ಯೂ ವೈಟ್‌ಮೋರ್ ರಚಿಸಿದ ‘ಬ್ರೇಕಿಂಗ್ ದ ಕೋಡ್’ ನಾಟಕದ ಶೀರ್ಷಿಕೆಯಲ್ಲಿ ಈ ಎರಡು ಅರ್ಥಗಳೂ ಅಡಗಿವೆ. 1986ರಲ್ಲಿ ಲಂಡನ್ನಿನ ರಂಗಭೂಮಿಗೆ ಬಂದ ಆ ನಾಟಕದ ನಾಯಕ ಆಲನ್ ಟ್ಯೂರಿಂಗ್. ಆತ ಗೂಢಲಿಪಿಯನ್ನು ಭೇದಿಸಿದ. ಸಂಹಿತೆ ಆತನನ್ನು ಭೇದಿಸಿತು.

ಟ್ಯೂರಿಂಗ್‌ನ ಕುಟುಂಬದ ಕಥೆ ಕನ್ನಡ ನಾಡಿನ ಅಂಚನ್ನು ಮುಟ್ಟುತ್ತದೆ. ತಂದೆ ಜೂಲಿಯಸ್ ಟ್ಯೂರಿಂಗ್ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಸೇರಿ ಮದರಾಸು ಪ್ರಾಂತದ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದರು. ತಾಯಿ ಸಾರಾ ಅವರ ತಂದೆ ಎಡ್ವರ್ಡ್ ಸ್ಟೋನಿ ಮದರಾಸಿನ ರೈಲ್ವೆಯಲ್ಲಿ ಮುಖ್ಯ ಇಂಜಿನಿಯರಾಗಿ ತುಂಗಭದ್ರೆಗೆ ಸೇತುವೆ ಕಟ್ಟಿಸಿದವರು. ಮಾಟುಂಗಾ, ಆಂಟಾಪ್ ಹಿಲ್ ಪರಿಸರದಿಂದ ರಾಯಚೂರಿನ ಮಾರ್ಗವಾಗಿ ಬೆಂಗಳೂರಿಗೆ ಹೊರಟವರು ಇಂದಿಗೂ ರೈಲಿನಲ್ಲಿ ದಾಟುವುದು ಆ ನದಿಯನ್ನೇ. ಬಳ್ಳಾರಿಯಲ್ಲಿ ಜೂಲಿಯಸ್ ನಿರ್ವಹಿಸಿದ ಕೆಲಸಗಳಲ್ಲಿ ದೇಶೀಯ ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆಯೂ ಒಂದು. ಆ ನ್ಯಾಯಾಲಯಗಳಲ್ಲಿ ಜಾರಿಯಲ್ಲಿದ್ದುದು 1860ರ ಭಾರತೀಯ ದಂಡಸಂಹಿತೆ. ಅದರ 377ನೆಯ ಕಲಮು ಸಲಿಂಗಸಂಬಂಧವನ್ನು ಅಪರಾಧವಾಗಿಸಿತ್ತು. ಮಗನ ಬದುಕನ್ನು ಮುಂದೆ ಮುರಿದದ್ದು ಇದರ ಸೋದರನಂತಿದ್ದ ಇಂಗ್ಲೆಂಡಿನ 1885ರ ಶಾಸನ.

ಆಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆಯ ಉದ್ಯೋಗ ಭಾರತದಲ್ಲಿದ್ದುದರಿಂದ ಬಾಲ್ಯದ ಬಹುಭಾಗ ಪರರ ಮನೆಯ ಆರೈಕೆಯಲ್ಲಿ ಕಳೆಯಿತು. ಶೆರ್ಬೋರ್ನ್ ಶಾಲೆಯಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಸಹಪಾಠಿಯ ಮೇಲೆ ಆತನಿಗೆ ಗಾಢವಾದ ಪ್ರೀತಿ ಮೂಡಿತು. ಕ್ಷಯದಿಂದ ಬಳಲುತ್ತಿದ್ದ ಮಾರ್ಕಮ್ 1930ರ ಫೆಬ್ರವರಿಯಲ್ಲಿ ತೀರಿಕೊಂಡ. ದೇಹ ಅಳಿದ ಮೇಲೆ ಮನಸ್ಸು ಉಳಿಯುವುದೇ, ಜಡವಸ್ತುವಿಗೂ ಚೇತನಕ್ಕೂ ಇರುವ ನಂಟು ಯಾವುದು ಎಂಬ ಪ್ರಶ್ನೆಗಳು ಆ ದುಃಖದಿಂದ ಎದ್ದವು. 1936ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಫೆಲೋ ಆಗಿದ್ದಾಗ ಬರೆದ ಪ್ರಬಂಧದಲ್ಲಿ, ಲೆಕ್ಕ ಮಾಡುವ ಮನುಷ್ಯನ ನಡೆಯನ್ನು ಸರಳ ಹೆಜ್ಜೆಗಳಾಗಿ ಒಡೆದು ಒಂದು ಕಲ್ಪಿತ ಯಂತ್ರಕ್ಕೆ ಒಪ್ಪಿಸಿದ. ಇಂದಿನ ಕಂಪ್ಯೂಟರಿನ ತಾತ್ತ್ವಿಕ ಬೀಜ ಅಲ್ಲಿದೆ. 1950ರಲ್ಲಿ ಯಂತ್ರವು ಯೋಚಿಸಬಲ್ಲುದೇ ಎಂದು ಕೇಳಿದಾಗಲೂ ಆ ಹಳೆಯ ಜಿಜ್ಞಾಸೆಯೇ ಬೇರೊಂದು ರೂಪದಲ್ಲಿ ಮರಳಿತ್ತೆನ್ನಬಹುದು.

1939ರ ಸೆಪ್ಟೆಂಬರ್ 4ರಂದು, ಬ್ರಿಟನ್ ಯುದ್ಧ ಘೋಷಿಸಿದ ಮರುದಿನ, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಸೇರಿದ. ಜರ್ಮನರ ‘ಎನಿಗ್ಮಾ’ ಯಂತ್ರದಲ್ಲಿ ತಿರುಗುವ ಗಾಲಿಗಳು ಪ್ರತಿ ಅಕ್ಷರಕ್ಕೂ ಬೇರೊಂದು ಅಕ್ಷರವನ್ನು ಕೊಡುತ್ತಿದ್ದವು. ಗಾಲಿಗಳ ಜೋಡಣೆ ದಿನದಿನಕ್ಕೆ ಬದಲಾಗುತ್ತಿತ್ತು. ಪೋಲೆಂಡಿನ ಗಣಿತಜ್ಞರು ಮೊದಲೇ ಸಾಧಿಸಿದ್ದ ಜ್ಞಾನ ಬ್ರಿಟಿಷರಿಗೆ ದೊರೆತಿತ್ತು. ಸಂದೇಶದಲ್ಲಿ ಇರಲೇಬೇಕಾದ ಪದವನ್ನು ಊಹಿಸಿ, ಅದಕ್ಕೆ ಹೊಂದದ ಜೋಡಣೆಗಳನ್ನು ವೇಗವಾಗಿ ತಳ್ಳಿಹಾಕುವ ‘ಬಾಂಬ್’ ಎಂಬ ಯಂತ್ರವನ್ನು ಟ್ಯೂರಿಂಗ್ ರೂಪಿಸಿದ. ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನಷ್ಟು ಸಮರ್ಥಗೊಳಿಸಿದ. ನೌಕಾಪಡೆಯ ಎನಿಗ್ಮಾ ಟ್ಯೂರಿಂಗ್‌ನ ವಿಶೇಷ ಹೊಣೆಯಾಗಿತ್ತು. ಅದನ್ನು ಓದಲು ಸಾಧ್ಯವಾದದ್ದರಿಂದ ಅಟ್ಲಾಂಟಿಕ್ ಸಾಗರದಲ್ಲಿ ಜಲಾಂತರ್ಗಾಮಿಗಳ ಕಣ್ಣು ತಪ್ಪಿಸಿ ಹಡಗುಗಳನ್ನು ಸಾಗಿಸುವುದು ಸುಲಭವಾಯಿತು. ಸಹೋದ್ಯೋಗಿ ಜೋನ್ ಕ್ಲಾರ್ಕ್ ಜೊತೆ 1941ರಲ್ಲಿ ವಿವಾಹ ನಿಶ್ಚಯವಾಯಿತು. ಟ್ಯೂರಿಂಗ್ ತನ್ನ ಒಲವಿನ ಸ್ವರೂಪವನ್ನು ಆಕೆಗೆ ಮುಚ್ಚಿಡದೆ ತಿಳಿಸಿದ; ಕೆಲವು ತಿಂಗಳುಗಳಲ್ಲಿ ನಿಶ್ಚಯವನ್ನು ತಾನೇ ಮುರಿದ. ಸ್ನೇಹ ಮಾತ್ರ ಉಳಿಯಿತು.

ರಾಷ್ಟ್ರದ ಗುಟ್ಟನ್ನು ಕಡೆಯವರೆಗೆ ಕಾಪಾಡಿದ ಈತನಿಗೆ ತನ್ನ ಗುಟ್ಟನ್ನು ಕಾಪಾಡಿಕೊಳ್ಳುವ ಕಲೆ ತಿಳಿದಿರಲಿಲ್ಲ. 1952ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಬಳಿಯ ಆತನ ಮನೆಯಲ್ಲಿ ಕಳ್ಳತನವಾಯಿತು. ತನ್ನ ಗೆಳೆಯನಾಗಿದ್ದ ತರುಣನ ಪರಿಚಿತನೊಬ್ಬನ ಕೈವಾಡವನ್ನು ಶಂಕಿಸಿದ ಟ್ಯೂರಿಂಗ್ ಪೊಲೀಸರಿಗೆ ದೂರು ಕೊಟ್ಟ. ಗೆಳೆಯನನ್ನು ಉಳಿಸಲು ಹೆಣೆದ ಸಣ್ಣ ಸುಳ್ಳು ಬೇಗನೆ ಬಯಲಾಯಿತು. ಆಮೇಲೆ ಎಲ್ಲವನ್ನೂ ತಾನೇ ವಿವರವಾಗಿ ಬರೆದುಕೊಟ್ಟ. ಕಳ್ಳತನದ ತನಿಖೆ ಹಿಂದೆ ಸರಿದು ದೂರುದಾರನೇ ಆರೋಪಿಯಾದ. ಮಾರ್ಚ್ 31ರಂದು ಶಿಕ್ಷೆ ಗೊತ್ತಾಯಿತು. ಸೆರೆವಾಸದ ಬದಲು ಒಂದು ವರ್ಷದ ಹಾರ್ಮೋನು ಚಿಕಿತ್ಸೆಯನ್ನು ಆತ ಒಪ್ಪಿಕೊಂಡ. ದೇಹ ವಿರೂಪಗೊಂಡಿತು, ಗೂಢಲಿಪಿಯ ಸರಕಾರಿ ಕೆಲಸದ ಬಾಗಿಲು ಮುಚ್ಚಿತು. ಆತನ ಪರವಾಗಿ ಸಾಕ್ಷಿ ನುಡಿದವರೂ ಆತ ಯುದ್ಧದಲ್ಲಿ ಮಾಡಿದ್ದೇನೆಂದು ಬಿಚ್ಚಿ ಹೇಳುವಂತಿರಲಿಲ್ಲ. 1954ರ ಜೂನ್ 7ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಟ್ಯೂರಿಂಗ್ ಮರಣ ಹೊಂದಿದ. ವಿಚಾರಣೆ ಅದನ್ನು ಆತ್ಮಹತ್ಯೆ ಎಂದಿತು. ತಾಯಿ ಅದನ್ನು ಆಕಸ್ಮಿಕವೆಂದೇ ನಂಬಿದ್ದರು. 1959ರಲ್ಲಿ ಅವರು ಮಗನ ಚರಿತ್ರೆ ಬರೆದಾಗ ಯುದ್ಧಕಾಲದ ಸಾಧನೆಯ ವಿವರ ಅದರಲ್ಲಿ ಬರುವುದು ಸಾಧ್ಯವಿರಲಿಲ್ಲ. ಮೊಕದ್ದಮೆಯ ಪ್ರಸ್ತಾಪವೂ ಬರಲಿಲ್ಲ. ಬ್ಲೆಚ್ಲಿಯ ಗುಟ್ಟು ಲೋಕಕ್ಕೆ ತಿಳಿಯತೊಡಗಿದ್ದು 1974ರ ನಂತರ.

ವೈಟ್‌ಮೋರ್‌ನ ನಾಟಕ ಈ ಮೌನವನ್ನೇ ತನ್ನ ವಸ್ತುವಾಗಿಸಿಕೊಂಡಿದೆ. ಅದು ಕಾಲಾನುಕ್ರಮವನ್ನು ಬಿಟ್ಟು ಶಾಲೆ, ಬ್ಲೆಚ್ಲಿ, ಪೊಲೀಸ್ ಠಾಣೆಗಳ ನಡುವೆ ಹಿಂದುಮುಂದಾಗಿ ಚಲಿಸುತ್ತದೆ. ಹೀಗಾಗಿ ನ್ಯಾಯಾಲಯಕ್ಕೆ ತಿಳಿಯದ ಸತ್ಯ ಪ್ರೇಕ್ಷಕನಿಗೆ ತಿಳಿದಿರುತ್ತದೆ. ಡೆರೆಕ್ ಜಾಕೋಬಿ ಟ್ಯೂರಿಂಗ್‌ನ ಪಾತ್ರವಹಿಸಿ ಹೆಸರು ಗಳಿಸಿದ. ನಾಟಕದ ಒಂದು ದೃಶ್ಯದಲ್ಲಿ ಟ್ಯೂರಿಂಗ್ ಎನಿಗ್ಮಾದ ಕಥೆಯನ್ನು ಇಂಗ್ಲಿಷ್ ಅರಿಯದ ಗ್ರೀಕ್ ತರುಣನೊಬ್ಬನ ಮುಂದೆ ಹೇಳಿಕೊಳ್ಳುತ್ತಾನೆ. ಅರ್ಥವಾಗದವನ ಎದುರಿಗಲ್ಲದೆ ಬೇರೆಲ್ಲೂ ಬಾಯಿ ಬಿಡಲಾಗದ ಆ ಸ್ಥಿತಿ ಆತನ ಇಡೀ ಬದುಕಿನ ರೂಪಕವಾಗಿದೆ.

ಇಂಗ್ಲೆಂಡಿನ ಶಾಸನ 1967ರಲ್ಲಿ ಸಡಿಲಗೊಂಡಿತು. 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರಕಾರದ ಪರವಾಗಿ ಕ್ಷಮೆ ಕೋರಿದರು. 2013ರ ಡಿಸೆಂಬರ್ 24ರಂದು ರಾಣಿಯ ಕ್ಷಮಾದಾನ ಪ್ರಕಟವಾಯಿತು. ಅದೇ ತಿಂಗಳ 11ರಂದು ಭಾರತದ ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟು 2009ರಲ್ಲಿ ಮಿತಿಗೊಳಿಸಿದ್ದ 377ನೆಯ ಕಲಮನ್ನು ಮತ್ತೆ ಊರ್ಜಿತಗೊಳಿಸಿತ್ತು. ಜೂಲಿಯಸ್ ಟ್ಯೂರಿಂಗ್‌ನ ಕಾಲದಲ್ಲಿ ಬಳ್ಳಾರಿಯ ಕಚೇರಿಗಳಲ್ಲಿದ್ದ ಆ ಕಲಮು, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂಬ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಮಗನ ಗೂಢಲಿಪಿಯನ್ನು ಭೇದಿಸಲು ಕೆಲವು ವರ್ಷಗಳು ಸಾಕಾದವು. ತಂದೆ ಕಾಯ್ದ ಸಂಹಿತೆಯ ಒಂದು ಕಲಮನ್ನು ಭೇದಿಸಲು ನೂರೈವತ್ತೆಂಟು ವರ್ಷಗಳು ಬೇಕಾದವು.