ಕವಿಶಿಷ್ಯ ಪಂಜೆ ಮಂಗೇಶರಾಯರು

ನಮ್ಮ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಗೆ ಹಿರಿಯರೊಬ್ಬರ ಜೀವನವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರು ಅಪ್ಪಣೆಯಿತ್ತಾಗ, ಸಹಜವಾಗಿಯೇ ಮಂಜೇಶ್ವರದ ಗೋವಿಂದ ಪೈಗಳ ನೆನಪು ಮೊದಲು ಬಂದಿತು. ಕಾಸರಗೋಡಿನ ಕನ್ನಡಿಗರು ಹೆಮ್ಮೆಯಿಂದ ತಲೆಯೆತ್ತಿ ಹೇಳಿಕೊಳ್ಳುವ ಹೆಸರದು. ಆದರೆ ಪೈಗಳ ಬಾಳನ್ನು ಬಲ್ಲವರು ನಮ್ಮ ನಡುವೆ ಹಲವರಿದ್ದಾರೆ. ಮಂಗಳೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಅವರಿಗೆ ಕನ್ನಡ ಕಲಿಸಿದ ಗುರುಗಳನ್ನಾದರೋ ನಾವು ಪಾಠಪುಸ್ತಕದ ಒಂದೆರಡು ಪದ್ಯಗಳ ಮಟ್ಟಿಗೆ ಮಾತ್ರ ನೆನೆದು ಮರೆಯುತ್ತಿದ್ದೇವೆ. ಶಿಷ್ಯನಿಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಗುರುವಿಗೂ ಸಲ್ಲಲಿ ಎಂದು ಈ ಬರಹ.

ಪಂಜೆ ಮಂಗೇಶರಾಯರು 1874ರಲ್ಲಿ ನೇತ್ರಾವತಿಯ ತಡಿಯ ಬಂಟವಾಳದಲ್ಲಿ ಜನ್ಮವೆತ್ತಿದರು. ತಂದೆ ರಾಮಪ್ಪಯ್ಯನವರು. ಮನೆಯಲ್ಲಿ ಸಿರಿಯಿರಲಿಲ್ಲ, ಬಡತನದ ನಡುವೆಯೇ ಓದನ್ನು ಮುಂದುವರಿಸಬೇಕಾಯಿತು. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ರಾಯರ ಮನೆಮಾತು ಕನ್ನಡವಲ್ಲ, ಕೊಂಕಣಿ. ಹೊಸ್ತಿಲು ದಾಟಿ ಬೀದಿಗಿಳಿದರೆ ಕಿವಿಗೆ ಬೀಳುತ್ತಿದ್ದುದು ತುಳು. ಶಾಲೆಯ ಮಣೆಯ ಮೇಲೆ ಕುಳಿತಾಗ ಕನ್ನಡ, ಮೇಲಿನ ತರಗತಿಗಳಿಗೆ ಏರಿದಾಗ ಇಂಗ್ಲಿಷು. ನಾಲ್ಕು ನುಡಿಗಳ ನಡುವೆ ಬೆಳೆದ ಆ ಬಾಲಕನು ಕಥೆ ಹೇಳುವುದಕ್ಕೆ, ಹಾಡು ಕಟ್ಟುವುದಕ್ಕೆ ಕನ್ನಡವನ್ನೇ ಆರಿಸಿಕೊಂಡನು. ನಮ್ಮ ಊರಿನ ಎಷ್ಟು ಮನೆಗಳ ಕಥೆ ಇದೇ ಅಲ್ಲವೇ? ಅಡುಗೆಯ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡಿ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸಿ, ಪುಸ್ತಕ ತೆರೆದಾಗ ಕನ್ನಡವನ್ನು ತಮ್ಮದೆಂದು ಓದುವ ಮಕ್ಕಳು ನಮ್ಮಲ್ಲಿ ಈಗಲೂ ಇದ್ದಾರೆ. ಮನೆಮಾತು ಬೇರೆಯಾದವರಿಗೆ ಕನ್ನಡದ ಅಭಿಮಾನವೇಕೆಂದು ಕೇಳುವವರೂ ಇದ್ದಾರೆ. ಅಂಥವರಿಗೆ ವಾದದಿಂದ ಉತ್ತರ ಕೊಡುವುದಕ್ಕಿಂತ ಪಂಜೆಯವರ ಪುಸ್ತಕವೊಂದನ್ನು ಕೈಗಿಡುವುದು ಲೇಸೆಂದು ನನ್ನ ಅಭಿಪ್ರಾಯ.

ವಿದ್ಯಾಭ್ಯಾಸ ಮುಗಿಸಿದ ರಾಯರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಪರೀಕ್ಷಕರಾದರು. ಆಗ ಕಾಸರಗೋಡು ಅದೇ ಜಿಲ್ಲೆಯ ಒಂದು ತಾಲೂಕು. ಕೇರಳಕ್ಕೆ ಸೇರಿದುದು 1956ರ ನವೆಂಬರ್ 1ರಂದು. ಬೇರೆ ಜಿಲ್ಲೆಯಾದುದು 1984ರಲ್ಲಿ. ರಾಯರ ಕಾಲದ ಬಾಲಕರಿಗೆ ಚಂದ್ರಗಿರಿಯೂ ನೇತ್ರಾವತಿಯೂ ಒಂದೇ ಜಿಲ್ಲೆಯ ಹೊಳೆಗಳು. ಅನಂತರ ಕೊಡಗಿಗೆ ಹೋಗಿ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದರು. ಕೊಡವರ ಸುಗ್ಗಿಯ ಹಬ್ಬವನ್ನು ಕೊಂಡಾಡುವ ಹುತ್ತರಿ ಹಾಡು ಆ ವಾಸದ ಫಲ. ಹೋದ ನೆಲವನ್ನೆಲ್ಲ ತನ್ನದೆಂದು ಹಾಡುವ ಗುಣ ಅವರದು.

ಉದ್ಯೋಗದ ವಿವರಗಳನ್ನು ಇಲ್ಲಿಗೇ ಬಿಡೋಣ. ರಾಯರು ಇಂದಿಗೂ ಬದುಕಿರುವುದು ಅವರ ಕಥೆಗಳಲ್ಲಿ.

1900ರಲ್ಲಿ ಮಂಗಳೂರಿನಿಂದ ಸುವಾಸಿನಿ ಎಂಬ ಮಾಸಪತ್ರಿಕೆ ಹೊರಡುತ್ತಿತ್ತು. ಬೆನಗಲ್ ರಾಮರಾಯರು ಅದರ ಸಂಪಾದಕರು. ಪಂಜೆಯವರ ನನ್ನ ಚಿಕ್ಕತಾಯಿ ಎಂಬ ಕಥೆ ಅದರಲ್ಲಿ ಪ್ರಕಟವಾಯಿತು. ಹೊಸಗನ್ನಡದ ಸಣ್ಣ ಕಥೆಯ ಇತಿಹಾಸವನ್ನು ಅಲ್ಲಿಂದಲೇ ಆರಂಭಿಸುವ ವಿದ್ವಾಂಸರಿದ್ದಾರೆ. ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂಬ ಚರ್ಚೆ ಪಂಡಿತರಿಗಿರಲಿ. ನಮಗೆ ಮುಖ್ಯವಾದುದು ಬೇರೆ. ರಾಜರ, ಋಷಿಗಳ ಕಥೆಗಳೇ ಗ್ರಂಥವಾಗಬೇಕೆಂಬ ಭಾವನೆಯಿದ್ದ ದಿನಗಳಲ್ಲಿ, ಮನೆಯ ಒಳಗಿನ ಬಾಳು, ಚಿಕ್ಕತಾಯಿ, ಚಿಕ್ಕತಂದೆ, ಹೆಂಡತಿ, ಹೋಟೆಲಿನ ಊಟ ಇವೆಲ್ಲ ಅಚ್ಚಿಗೆ ಯೋಗ್ಯವೆಂದು ಅವರು ತೋರಿಸಿಕೊಟ್ಟರು. ಹಾಸ್ಯವನ್ನು ಬರೆಯುವಾಗಲೂ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಇಷ್ಟಾಗಿಯೂ ತಮ್ಮ ಹೆಸರನ್ನು ಮುಂದಿಟ್ಟುಕೊಳ್ಳುವ ಆಸೆ ಅವರಿಗಿರಲಿಲ್ಲ. ಒಮ್ಮೆ ಹರಟೆಮಲ್ಲ, ಇನ್ನೊಮ್ಮೆ ರಾ.ಮ.ಪಂ., ಕವಿತೆಯ ಕೆಳಗೆ ಕವಿಶಿಷ್ಯ. ತಾನು ಕವಿಯಲ್ಲ, ಕವಿಗಳ ಶಿಷ್ಯನೆಂದು ಹೇಳಿಕೊಂಡವರನ್ನು ಕನ್ನಡಿಗರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿದರು.

ಮಕ್ಕಳ ವಿಷಯಕ್ಕೆ ಬರೋಣ. ಎಳೆಯರಿಗೆ ಓದಲು ತಕ್ಕ ಪುಸ್ತಕಗಳಿಲ್ಲದಿದ್ದುದು ರಾಯರನ್ನು ಬಾಧಿಸುತ್ತಿತ್ತು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಬಾಸೆಲ್ ಮಿಶನ್ನಿನ ಮುದ್ರಣಾಲಯದ ಮೂಲಕ ಶಾಲೆಯ ಮಕ್ಕಳಿಗಾಗಿ ಪದ್ಯಪುಸ್ತಕಗಳನ್ನು ಸಂಕಲಿಸಿಕೊಟ್ಟರು. ಇಲಿಗಳ ಥಕಥೈ, ಮೆಣಸಿನ ಕಾಳಪ್ಪ, ಅರ್ಗಣೆ ಮುದ್ದೆ ಎಂದು ಹೆಸರು ಕೇಳಿದೊಡನೆಯೇ ಮಕ್ಕಳ ಮುಖ ಅರಳುತ್ತದೆ. ಇವುಗಳಲ್ಲಿ ಸಿಗಡಿ ಯಾಕೆ ಒಣಗಲಿಲ್ಲ ಎಂಬುದನ್ನು ನಾನು ವಿಶೇಷವಾಗಿ ಎತ್ತಿ ಹೇಳುತ್ತೇನೆ. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲವೇಕೆಂದರೆ ಹುಲ್ಲಿನ ಮೇಲೆ ದೂರು. ಹುಲ್ಲನ್ನು ಕೇಳಿದರೆ ದನದ ಮೇಲೆ. ಹೀಗೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತ, ದನ ಕಾಯುವವನನ್ನೂ ಅಜ್ಜಿಯನ್ನೂ ಅಳುವ ಮಗುವನ್ನೂ ದಾಟಿ, ಕೊನೆಗೆ ಇರುವೆಯ ಗೂಡಿನ ಬಾಯಿಗೆ ಬಂದು ನಿಲ್ಲುತ್ತದೆ. ತನ್ನ ಗೂಡಿಗೆ ಕೈಹಾಕಿದರೆ ಕಚ್ಚದೆ ಬಿಡುವುದುಂಟೇ ಎಂದು ಇರುವೆ ಕೇಳುವಲ್ಲಿಗೆ ವಿಚಾರಣೆ ಮುಗಿಯಿತು! ಇಂಥ ಸರಪಳಿಯ ಕಥೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಅಂಗಳದಲ್ಲಿ ಸಿಗಡಿ ಒಣಗುವುದು ನಮ್ಮ ಕಡಲ ಕರೆಯಲ್ಲಿ. ಬೇಕಲದ ಮಗುವಿಗೂ ಉಳ್ಳಾಲದ ಮಗುವಿಗೂ ಆ ವಾಸನೆಯನ್ನು ಯಾರೂ ವಿವರಿಸಬೇಕಾಗಿಲ್ಲ. ತನ್ನ ಅಂಗಳವನ್ನೇ ಪುಸ್ತಕದಲ್ಲಿ ಕಂಡ ಮಗು ಆ ಪುಸ್ತಕದ ಭಾಷೆಯನ್ನು ಪರಕೀಯವೆಂದು ಎಂದೂ ಎಣಿಸದು.

ರಾಯರ ಕಥೆಗಳಲ್ಲಿ ಕೋಟಿ ಚೆನ್ನಯ ಹೆಚ್ಚು ಗಂಭೀರವಾದುದು. ಅದರ ಮೂಲ ತುಳುವಿನ ಪಾಡ್ದನ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿಯೂ ಗರಡಿಗಳ ನೇಮದಲ್ಲಿಯೂ ಉಳಿದುಬಂದುದು. ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ಮದ್ದಿನಿಂದ ಗುಣಪಡಿಸಿದ ದೇಯಿ ಬೈದೆತಿಯ ಅವಳಿ ಮಕ್ಕಳು ಕೋಟಿ ಮತ್ತು ಚೆನ್ನಯ. ಹೆತ್ತ ತಾಯಿಯನ್ನು ಹಸುಳೆತನದಲ್ಲಿಯೇ ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಾರೆ. ಬುದ್ಯಂತನೊಡನೆ ಅವರ ಹಗೆತನ ಹುಟ್ಟುವುದು ಯಾವ ರಾಜ್ಯದ ಸಲುವಾಗಿಯೂ ಅಲ್ಲ, ಹುಡುಗರಾಟದ ಸಲುವಾಗಿ. ದೊಡ್ಡವರ ಅಹಂಕಾರ ಮಕ್ಕಳ ಆಟದೊಳಗೆ ಕಾಲಿಟ್ಟಾಗ ಹೊತ್ತಿದ ಕಿಚ್ಚು, ಅವರು ಪ್ರಾಯಕ್ಕೆ ಬಂದ ಮೇಲೆ ಗದ್ದೆಯ ಜಗಳದಲ್ಲಿ ಭುಗಿಲೆದ್ದು ಬುದ್ಯಂತನ ಪ್ರಾಣವನ್ನೇ ಬಲಿಗೊಳ್ಳುತ್ತದೆ. ಹುಟ್ಟಿದ ಊರು ಬಿಟ್ಟು ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಅವರು ನಡೆಯುತ್ತಾರೆ. ರಾಯರ ಮನೆತನದ ಹೆಸರನ್ನು ನೆನಪಿಸುವ ಊರೊಂದು ಈ ಕಥೆಯ ದಾರಿಯಲ್ಲಿಯೇ ಬರುವುದು ಒಂದು ಸೋಜಿಗ. ಎಣ್ಮೂರಿನ ಕಾಳಗದಲ್ಲಿ ಕೋಟಿ ಬಿದ್ದಾಗ ಚೆನ್ನಯನೂ ಉಳಿಯುವುದಿಲ್ಲ. ಒಡಹುಟ್ಟಿದವರ ಸ್ನೇಹವನ್ನು ಇದಕ್ಕಿಂತ ಗಾಢವಾಗಿ ಹೇಳಿದ ಕಥೆ ನಮ್ಮ ನಾಡಿನಲ್ಲಿ ವಿರಳ.

ಪಂಜೆಯವರು ಇದನ್ನು ಕನ್ನಡಕ್ಕೆ ತಂದುದರಲ್ಲಿ ಒಂದು ಧೈರ್ಯವಿದೆ. ಅಕ್ಷರಸ್ಥರು ಪಾಡ್ದನಗಳನ್ನು ಗದ್ದೆಯ ಬದುವಿನಲ್ಲಿಯೇ ಬಿಟ್ಟಿದ್ದ ಕಾಲ ಅದು. ದುಡಿಯುವ ಜನರ ವೀರರನ್ನು ಶಾಲೆಯ ಮಕ್ಕಳು ಓದುವ ಭಾಷೆಯಲ್ಲಿ ನಿಲ್ಲಿಸಿ, ತುಳುವನ್ನು ಕೀಳೆನ್ನದೆ, ಕನ್ನಡವನ್ನು ದೂರಮಾಡದೆ, ಎರಡರ ನಡುವೆ ಅವರು ಒಂದು ಸಂಕ ಹಾಕಿದರು. ಪಾಡ್ದನದ ಗಾಯನಸುಖ ಗದ್ಯದಲ್ಲಿ ಪೂರ್ತಿಯಾಗಿ ಉಳಿಯಲಾರದೆಂಬುದನ್ನು ಒಪ್ಪಲೇಬೇಕು; ಮೂಲವನ್ನು ಕೇಳಿದವರು ಅದನ್ನು ಬಲ್ಲರು. ಆದರೆ ತುಳು ಬಾರದ ಧಾರವಾಡದ, ಮೈಸೂರಿನ ಹುಡುಗನಿಗೆ ಈ ಅಣ್ಣತಮ್ಮಂದಿರ ಪರಿಚಯವಾಗುವ ಹಾದಿ ತೆರೆದುದು ಈ ಪುಸ್ತಕದಿಂದ.

ಗುರುವಿನ ಈ ಹಾದಿಯನ್ನು ಮಂಜೇಶ್ವರದ ಶಿಷ್ಯ ತನ್ನ ರೀತಿಯಲ್ಲಿ ಹಿಡಿದರು. ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಅವರು 1911ರಲ್ಲಿ ಪ್ರಾಸವನ್ನು ತೊರೆದು ಕವಿತೆ ಬರೆದು ಕನ್ನಡ ಕಾವ್ಯಕ್ಕೆ ಹೊಸ ಬಾಗಿಲು ತೆರೆದರು. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಬಿರುದನ್ನು ಪಡೆದರು. ಶಿಷ್ಯನ ಆ ಗೌರವವನ್ನು ಕಾಣಲು ಗುರುಗಳು ಇರಲಿಲ್ಲ. ಪಂಜೆಯವರು 1937ರ ಅಕ್ಟೋಬರಿನಲ್ಲಿ, ತಾವು ಹುಟ್ಟಿ ಬೆಳೆದ ಕಡಲ ಕರೆಯಿಂದ ಬಹುದೂರದ ಹೈದರಾಬಾದಿನಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ 63 ವರ್ಷ.