ಬಾರ್ಬರಾ ಮೆಕ್‌ಕ್ಲಿಂಟಾಕ್

ಬಾರ್ಬರಾ ಮೆಕ್‌ಕ್ಲಿಂಟಾಕ್ (ಜೂನ್ 16, 1902 – ಸೆಪ್ಟೆಂಬರ್ 2, 1992) ಅಮೆರಿಕದ ಹೆಸರಾಂತ ತಳಿವಿಜ್ಞಾನಿ. ಮೆಕ್ಕೆಜೋಳದ ವರ್ಣತಂತುಗಳ ಅಧ್ಯಯನಕ್ಕೆ ಜೀವಮಾನವನ್ನೇ ಮುಡಿಪಾಗಿಟ್ಟ ಇವರು, ತುಂಡಾದ ವರ್ಣತಂತುವನ್ನು ಜೀವಕೋಶವು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಸವಿವರವಾಗಿ ತೋರಿಸಿಕೊಟ್ಟರು. ಸ್ಥಾನ ಬದಲಿಸುವ ವಂಶವಾಹಿ ಘಟಕಗಳ ಶೋಧಕ್ಕಾಗಿ 1983ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಈ ವಿಭಾಗದ ಪ್ರಶಸ್ತಿಯನ್ನು ಯಾರೊಡನೆಯೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ ಇವರು.

ಜನನ ಮತ್ತು ಶಿಕ್ಷಣ

ಮೆಕ್‌ಕ್ಲಿಂಟಾಕ್ ಅವರು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. ತಂದೆ ಥಾಮಸ್ ಹೆನ್ರಿ ಹೋಮಿಯೋಪತಿ ವೈದ್ಯರು, ತಾಯಿ ಸಾರಾ. 1908ರಲ್ಲಿ ಕುಟುಂಬವು ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದು ನೆಲೆಸಿತು. ಹೆಚ್ಚು ಓದಿದ ಮಗಳಿಗೆ ಮದುವೆಯಾಗುವುದು ಕಷ್ಟವೆಂದು ತಾಯಿ ಕಾಲೇಜು ಶಿಕ್ಷಣವನ್ನು ವಿರೋಧಿಸಿದರು. ತಂದೆಯ ಬೆಂಬಲದಿಂದ 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜನ್ನು ಸೇರಿದ ಇವರು 1923ರಲ್ಲಿ ಪದವಿಯನ್ನೂ 1927ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಗಳಿಸಿದರು. ಇವರು ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು.

ವರ್ಣತಂತುಗಳ ವಿನಿಮಯ

ಮೆಕ್ಕೆಜೋಳದ ಹತ್ತು ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಗುರುತಿಸುವ ವಿಧಾನವನ್ನು ಇವರು ರೂಪಿಸಿದರು. ಜೋಡಿ ವರ್ಣತಂತುಗಳು ತಮ್ಮ ಭಾಗಗಳನ್ನು ಪರಸ್ಪರ ಬದಲಿಸಿಕೊಳ್ಳುತ್ತವೆ ಎಂಬುದು ಅಲ್ಲಿಯವರೆಗೆ ಸಂತತಿಯ ಲಕ್ಷಣಗಳಿಂದ ಮಾಡಿದ ಊಹೆಯಾಗಿತ್ತು. ಒಂದು ತುದಿಯಲ್ಲಿ ಗಂಟನ್ನೂ ಇನ್ನೊಂದು ತುದಿಯಲ್ಲಿ ಬೇರೊಂದು ವರ್ಣತಂತುವಿನ ತುಂಡನ್ನೂ ಹೊಂದಿದ್ದ ಒಂಬತ್ತನೆಯ ವರ್ಣತಂತುವನ್ನು ಆರಿಸಿಕೊಂಡು, ಮೆಕ್‌ಕ್ಲಿಂಟಾಕ್ ಮತ್ತು ಅವರ ಶಿಷ್ಯೆ ಹ್ಯಾರಿಯೆಟ್ ಕ್ರೈಟನ್ 1931ರಲ್ಲಿ ಈ ವಿನಿಮಯವನ್ನು ಪ್ರತ್ಯಕ್ಷವಾಗಿ ತೋರಿಸಿದರು. ಕಾಳಿನ ಲಕ್ಷಣಗಳು ಹೊಸದಾಗಿ ಬೆರೆತಾಗ ಈ ಗುರುತುಗಳೂ ಸ್ಥಾನ ಬದಲಿಸಿದ್ದವು.

ತುಂಡಾದ ತುದಿಗಳು

ಮಿಸ್ಸೌರಿಯಲ್ಲಿ ಲೂಯಿಸ್ ಸ್ಟ್ಯಾಡ್ಲರ್ ಅವರು ಎಕ್ಸ್-ಕಿರಣಗಳಿಗೆ ಒಡ್ಡಿದ ಮೆಕ್ಕೆಜೋಳದ ಗಿಡಗಳನ್ನು ಪರೀಕ್ಷಿಸುತ್ತಿದ್ದಾಗ ಮುರಿದ ವರ್ಣತಂತುಗಳತ್ತ ಇವರ ಗಮನ ಹರಿಯಿತು. ಮುರಿದ ಎರಡು ತುದಿಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಕೋಶವು ವಿಭಜನೆಯಾಗುವಾಗ ಆ ವರ್ಣತಂತು ಎರಡೂ ಕಡೆಗೆ ಎಳೆಯಲ್ಪಟ್ಟು ಸೇತುವೆಯಂತೆ ಚಾಚಿ ಮತ್ತೆ ಮುರಿಯುತ್ತದೆ. ಈ ಚಕ್ರವನ್ನು ಇವರು 1938ರಿಂದ 1941ರ ಅವಧಿಯಲ್ಲಿ ವಿವರಿಸಿದರು. ಬೀಜದ ಆಹಾರಭಾಗದಲ್ಲಿ ಚಕ್ರವು ಮುಂದುವರಿದರೂ ಭ್ರೂಣದಲ್ಲಿ ಮುರಿದ ತುದಿ ವಾಸಿಯಾಗಿ, ಸ್ಥಿರವಾಗುತ್ತಿತ್ತು. ಮುರಿದ ತುದಿಗೂ ಸಹಜ ತುದಿಗೂ ಇರುವ ವ್ಯತ್ಯಾಸವನ್ನು ಕೋಶವು ಗುರುತಿಸಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಮಿಸ್ಸೌರಿಯಲ್ಲಿ ಮುಂದಿನ ಬೆಳವಣಿಗೆ ಕಾಣದೆ 1941ರಲ್ಲಿ ಆ ಹುದ್ದೆಯನ್ನು ತೊರೆದ ಇವರು ನ್ಯೂಯಾರ್ಕಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸೇರಿದರು. 1944ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 1945ರಲ್ಲಿ ಅಮೆರಿಕದ ತಳಿವಿಜ್ಞಾನ ಸಂಘದ ಮೊದಲ ಮಹಿಳಾ ಅಧ್ಯಕ್ಷರಾದರು.

ಜಿಗಿಯುವ ವಂಶವಾಹಿಗಳು

ವರ್ಣತಂತು ಪದೇ ಪದೇ ಮುರಿಯುತ್ತಿದ್ದ ಗಿಡಗಳ ಕಾಳುಗಳಲ್ಲಿ ವಿಚಿತ್ರ ಬಣ್ಣದ ಚುಕ್ಕೆಗಳು ಕಾಣಿಸಿಕೊಂಡವು. ಅವುಗಳ ಜಾಡು ಹಿಡಿದು ಹೋದ ಇವರಿಗೆ, ಕೆಲವು ಘಟಕಗಳು ವರ್ಣತಂತುವಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿ ಅಲ್ಲಿನ ವಂಶವಾಹಿಯ ಕೆಲಸವನ್ನು ತಡೆಯುತ್ತವೆ ಎಂಬುದು ತಿಳಿಯಿತು. 1950ರಲ್ಲಿ ಲೇಖನವಾಗಿ ಪ್ರಕಟಿಸಿ, 1951ರ ವಿಚಾರಸಂಕಿರಣದಲ್ಲಿ ಮಂಡಿಸಿದ ಈ ವಿಚಾರಕ್ಕೆ ದೊರೆತ ಪ್ರತಿಕ್ರಿಯೆ ಬಹುಮಟ್ಟಿಗೆ ಮೌನವೇ ಆಗಿತ್ತು. ವಂಶವಾಹಿಗಳು ನೂಲಿಗೆ ಪೋಣಿಸಿದ ಮಣಿಗಳಂತೆ ಸ್ಥಿರವೆಂಬ ನಂಬಿಕೆ ಆಗ ಬಲವಾಗಿತ್ತು. 1953ರ ನಂತರ ಇವರು ಈ ಕುರಿತ ವಿವರಗಳನ್ನು ಪ್ರಕಟಿಸುವುದನ್ನು ಬಹುತೇಕ ನಿಲ್ಲಿಸಿದರು. ಪ್ರಯೋಗಗಳನ್ನು ಮಾತ್ರ ನಿಲ್ಲಿಸಲಿಲ್ಲ. 1960ರ ದಶಕದ ಕೊನೆಯಲ್ಲಿ ಬ್ಯಾಕ್ಟೀರಿಯಾಗಳಲ್ಲಿ, ಆ ಬಳಿಕ ಯೀಸ್ಟ್ ಮತ್ತು ಹಣ್ಣುನೊಣಗಳಲ್ಲಿ ಇಂತಹ ಘಟಕಗಳು ದೊರೆತಾಗ ಇವರ ಮಾತು ಸ್ಥಿರಪಟ್ಟಿತು.

ಯೀಸ್ಟ್ ಸಂಶೋಧನೆಯ ಮೇಲೆ ಪ್ರಭಾವ

ಯೀಸ್ಟ್ ಕೋಶಗಳು ತಮ್ಮ ಸಂಯೋಗ ಪ್ರಭೇದವನ್ನು ಬದಲಿಸಿಕೊಳ್ಳುವುದನ್ನು ಜಪಾನಿನ ಓಷಿಮಾ ಮತ್ತು ಟಕಾನೊ 1971ರಲ್ಲಿ ಮೆಕ್‌ಕ್ಲಿಂಟಾಕ್ ಅವರ ಘಟಕಗಳ ಮಾದರಿಯಲ್ಲಿ ವಿವರಿಸಿದರು. ಕೋಶವು ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿ, ಬೇರೆಡೆ ಇರುವ ಮೂಕ ಪ್ರತಿಯನ್ನು ನೋಡಿ ನಕಲು ಮಾಡಿಕೊಂಡು ಆ ಬಿರುಕನ್ನು ತುಂಬಿಕೊಳ್ಳುತ್ತದೆಂದು ನಂತರ ತಿಳಿದುಬಂದಿತು. ಕತ್ತರಿಸಿದ ಎಳೆಯ ತುದಿಯು ತನ್ನನ್ನು ಹೋಲುವ ಅಖಂಡ ಡಿಎನ್‌ಎಯೊಳಗೆ ನುಗ್ಗಿ, ಅದನ್ನೇ ಅಚ್ಚಾಗಿ ಬಳಸಿ ದುರಸ್ತಿಯಾಗುವ ಬಗೆಯನ್ನು ಶೋಸ್ಟಾಕ್, ಓರ್-ವೀವರ್, ರಾತ್‌ಸ್ಟೀನ್ ಮತ್ತು ಸ್ಟಾಲ್ 1983ರಲ್ಲಿ ನಿರೂಪಿಸಿದರು. ಅದೇ ವರ್ಷ ನೊಬೆಲ್ ಉಪನ್ಯಾಸದಲ್ಲಿ ಮೆಕ್‌ಕ್ಲಿಂಟಾಕ್ ಅವರು, ಮುರಿದ ತುದಿಗಳನ್ನು ಗ್ರಹಿಸಿ ಅವುಗಳನ್ನು ಒಂದುಗೂಡಿಸುವ ಕೋಶದ ಸಾಮರ್ಥ್ಯವನ್ನು ವಿವರಿಸಿದರು.

ಪ್ರಶಸ್ತಿಗಳು ಮತ್ತು ನಿಧನ

1970ರ ರಾಷ್ಟ್ರೀಯ ವಿಜ್ಞಾನ ಪದಕ, 1981ರ ಲಾಸ್ಕರ್ ಮತ್ತು ವುಲ್ಫ್ ಪ್ರಶಸ್ತಿಗಳು ಇವರಿಗೆ ಸಂದಿವೆ. ನೊಬೆಲ್ ದೊರೆತಾಗ ಇವರಿಗೆ 81 ವರ್ಷ. ಆ ನಂತರವೂ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿಯೇ ಇದ್ದ ಇವರು, 90ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್ ರಾಜ್ಯದ ಹಂಟಿಂಗ್ಟನ್‌ನಲ್ಲಿ ನಿಧನರಾದರು.