ಫಲ ಕಾಣದೆ ಬಿತ್ತಿದವರು



ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಊರಲ್ಲಿ ಬಿತ್ತುವ ರೈತನಿಗೆ ಮಳೆ ಬರುತ್ತದೋ ಇಲ್ಲವೋ ತಿಳಿಯದು. ಆದರೂ ಬಿತ್ತುತ್ತಾನೆ. ಮನೆ ನಡೆಸುವ ತಂದೆತಾಯಿಯರ, ಊರು ನಡೆಸುವ ಹಿರಿಯರ ಪಾಡೂ ಇದೇ ಅಲ್ಲವೇ? ಹಾಗೆ ಬಿತ್ತಿದ ಗುರುವೊಬ್ಬರನ್ನು ಇಂದು ನೆನೆಯೋಣ.

ಫ್ರಾನ್ಸಿನ ಅಬ್ಬೆ ದುಬಾಯ್ ಸ್ವಾಮಿಗಳು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ಹೊಣೆ ಅವರ ಹೆಗಲೇರಿತು. ಸಭೆ ಚದುರಿತ್ತು, ಟಿಪ್ಪುವಿನ ಕಾಲದಲ್ಲಿ ಅನೇಕರು ಬಲವಂತಕ್ಕೆ ಮಣಿದು ವಿಶ್ವಾಸ ತೊರೆದಿದ್ದರು. ಮುಂದೇನೆಂದು ಯಾರಿಗೂ ತಿಳಿಯದು.

ಸ್ವಾಮಿಗಳು ದಾರಿ ಪೂರ್ತಿ ಕಾಣಲೆಂದು ಕಾಯಲಿಲ್ಲ. ದೂರವಾದವರನ್ನು ಮರಳಿ ಕೂಡಿಸಿದರು. ಹಾಸನದ ಬಳಿ ಬಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ಲಸಿಕೆ ಆಗಷ್ಟೇ ಬಂದಿತ್ತು, ಜನ ಅಂಜುತ್ತಿದ್ದರು. ಅವರ ಶ್ರಮದಿಂದ 1803–04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ದೊರೆಯಿತು.

ಆದರೆ ಅವರ ಮನಸ್ಸು ಎಂದೂ ನಿಶ್ಚಿಂತವಾಗಿತ್ತೆಂದು ತಿಳಿಯಬೇಡಿ. ಈ ನಾಡಿನಲ್ಲಿ ಶುಭಸಂದೇಶ ಬೇರೂರದೆಂಬ ನಿರಾಶೆಯಲ್ಲೇ 1823ರಲ್ಲಿ ತಾಯ್ನಾಡಿಗೆ ಮರಳಿದರು. ಆ ಸಂಶಯವನ್ನು ಬರೆದು ಅಚ್ಚು ಹಾಕಿಸಿದರು ಕೂಡ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಮೈಸೂರು, ಹಾಸನ ಸೀಮೆಗಳಲ್ಲಿ ಕಥೋಲಿಕ ಕುಟುಂಬಗಳು ಇಂದಿಗೂ ಬಲಿಪೂಜೆಗೆ ಕೂಡುತ್ತವೆ. ಅದನ್ನು ಅವರು ಕಾಣಲಿಲ್ಲ.

ನಿಮಗೂ ಸಂಶಯ ಬರಬಹುದು. ಮಗನ ಓದು, ಮಗಳ ಮದುವೆ, ತೀರದ ಸಾಲ, ಯಾವುದಕ್ಕೂ ಖಾತ್ರಿಯಿಲ್ಲ. ಸಂಶಯ ಪಾಪವಲ್ಲ, ಅದರ ನೆಪದಲ್ಲಿ ಕೈಕಟ್ಟಿ ಕೂರುವುದು ತಪ್ಪು. ಇಂದು ಮಾಡಬೇಕಾದ ಒಂದು ಒಳ್ಳೆಯ ಕೆಲಸ ನಿಮಗೆ ಗೊತ್ತಿದೆ. ಅದನ್ನು ಮಾಡಿ, ಉಳಿದದ್ದನ್ನು ದೇವರಿಗೆ ಒಪ್ಪಿಸಿ.